ಎಲ್ಲರಿಗೂ ಒಂದು ಸರದಿ: ಸ್ವಲೀನತೆಯುಳ್ಳ ಮಕ್ಕಳ ಸಾಮಾಜಿಕ ಕಲಿಕೆಗೆ ಗುಂಪು ಆಟಗಳು

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕು ದ್ರಾಕ್ಷಿ ತೋಟಗಳಿಗೂ ಲಾಸಲಗಾಂವಿನ ಈರುಳ್ಳಿ ಮಾರುಕಟ್ಟೆಗೂ ಪ್ರಸಿದ್ಧವಾದುದು. ಇದೇ ತಾಲ್ಲೂಕಿನ ಓಝರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆ 1964ರಲ್ಲಿ ಸ್ಥಾಪನೆಯಾಯಿತು. ಆ ಸಂಸ್ಥೆಯ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬಂದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಆರು ವರ್ಷದ ಒಬ್ಬ ಮಗನಿದ್ದಾನೆ. ಸಂಜೆ ಬಡಾವಣೆಯ ಮೈದಾನದಲ್ಲಿ ಮಕ್ಕಳು ಮರಾಠಿಯಲ್ಲಿ ಕೂಗಾಡುತ್ತ ಆಡುತ್ತಿರುವಾಗ ಅವನು ಬೇಲಿಯ ಪಕ್ಕದಲ್ಲಿ ನಿಂತು ಒಂದು ಆಟಿಕೆ ಬಂಡಿಯ ಚಕ್ರವನ್ನು ತಿರುಗಿಸುತ್ತಿರುತ್ತಾನೆ. ಕರೆದರೆ ತಿರುಗಿ ನೋಡುವುದಿಲ್ಲ. ಒಮ್ಮೊಮ್ಮೆ ಆಟದ ನಡುವೆ ನುಗ್ಗಿ ಚೆಂಡನ್ನು ಎತ್ತಿಕೊಂಡು ಓಡುತ್ತಾನೆ. ಮಕ್ಕಳು ಸಿಟ್ಟಾಗುತ್ತಾರೆ. ನೆರೆಯವರು ಅವನಿಗೆ ಶಿಸ್ತು ಇಲ್ಲವೆನ್ನುತ್ತಾರೆ. ತಾಯಿ ಅವನ ಕೈ ಹಿಡಿದು ಮನೆಗೆ ಕರೆತರುತ್ತಾಳೆ. ಕೆಲವು ದಿನಗಳ ಅನಂತರ ಮೈದಾನಕ್ಕೆ ಕರೆದೊಯ್ಯುವುದನ್ನೇ ನಿಲ್ಲಿಸುತ್ತಾಳೆ.

ಇಂತಹ ಮನೆಗಳು ನಿಫಾಡಿನಲ್ಲಿ ಮಾತ್ರವಲ್ಲ, ಧಾರವಾಡದಲ್ಲಿಯೂ ಕಾಸರಗೋಡಿನಲ್ಲಿಯೂ ಇರಬಹುದು. ಮೇಲ್ನೋಟಕ್ಕೆ ಆ ಬಾಲಕನಿಗೆ ಆಟ ಬೇಡವೆಂದು ತೋರುತ್ತದೆ. ಆದರೆ ಚೆಂಡನ್ನು ಎತ್ತಿಕೊಂಡು ಓಡಿದ್ದು ಆಟಕ್ಕೆ ಸೇರಲು ಅವನು ಕಂಡುಕೊಂಡ ಮಾರ್ಗವೇ ಆಗಿರಬಹುದು. ಸೇರುವ ಸರಿಯಾದ ಮಾರ್ಗವನ್ನು ಅವನಿಗೆ ತೋರಿಸಿಕೊಡುವುದು ಮತ್ತು ಅವನನ್ನು ಸೇರಿಸಿಕೊಳ್ಳುವ ಬಗೆಯನ್ನು ಉಳಿದ ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಸ್ವಲೀನತೆ ಎಂದರೇನು?

ಆಟಿಸಂ ಅಥವಾ ಸ್ವಲೀನತೆಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಅದು ಅಂಟುರೋಗವಲ್ಲ, ಹುಚ್ಚೂ ಅಲ್ಲ. ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಯು ವೈದ್ಯಲೋಕದ ವ್ಯಾಪಕ ಗಮನಕ್ಕೆ ಬಂದಿತು. ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ನಂಬಿಕೆ ಮುಂದೆ ಕೆಲವು ಕಾಲ ಪ್ರಚಲಿತವಾಗಿತ್ತು. ಅದು ಸಂಪೂರ್ಣ ತಪ್ಪೆಂದು ಈಗ ಸಿದ್ಧವಾಗಿದೆ. ಲಸಿಕೆಗಳಿಂದ ಸ್ವಲೀನತೆ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಪ್ರಪಂಚದ ಸುಮಾರು 127 ಜನರಲ್ಲಿ ಒಬ್ಬರಿಗೆ ಈ ಸ್ಥಿತಿ ಇದ್ದಿತು. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಗುರುತಿಸಲ್ಪಡುತ್ತದೆ. ಹೆಣ್ಣುಮಕ್ಕಳಲ್ಲಿ ‘ನಾಚಿಕೆಯ ಸ್ವಭಾವ’ವೆಂದು ಕಡೆಗಣಿಸಲ್ಪಡುವ ಸಂಭವ ಹೆಚ್ಚು.

ಇದರ ಲಕ್ಷಣಗಳು ಮುಖ್ಯವಾಗಿ ಎರಡು ಬಗೆ. ಇತರರೊಡನೆ ಮಾತು, ನೋಟ, ಸನ್ನೆಗಳ ಮೂಲಕ ವ್ಯವಹರಿಸುವುದರಲ್ಲಿ ತೊಡಕು ಕಂಡುಬರುವುದು ಮೊದಲನೆಯದು. ಒಂದೇ ಬಗೆಯ ಚಲನೆ, ಆಸಕ್ತಿ ಅಥವಾ ದಿನಚರಿಗೆ ಅಂಟಿಕೊಳ್ಳುವುದು ಎರಡನೆಯದು. ಶಬ್ದ, ಬೆಳಕು, ಸ್ಪರ್ಶಗಳನ್ನು ಅತಿಯಾಗಿ ಇಲ್ಲವೆ ಅತಿ ಕಡಮೆಯಾಗಿ ಅನುಭವಿಸುವುದೂ ಈ ಎರಡನೆಯ ಬಗೆಯಲ್ಲಿ ಸೇರುತ್ತದೆ. ಈ ಲಕ್ಷಣಗಳ ಪ್ರಮಾಣ ಮಗುವಿನಿಂದ ಮಗುವಿಗೆ ಬಹಳ ಭಿನ್ನವಾಗಿರುತ್ತದೆ. ಒಂದು ಮಗು ಮಾತೇ ಆಡದಿರಬಹುದು. ಮತ್ತೊಂದು ರೈಲುಗಾಡಿಗಳ ವಿಷಯವಾಗಿ ಎಡೆಬಿಡದೆ ಮಾತನಾಡಬಹುದು. ಆದುದರಿಂದ ಒಬ್ಬರಿಗೆ ಒಗ್ಗಿದ ಆಟ ಇನ್ನೊಬ್ಬರಿಗೆ ಒಗ್ಗಲೇಬೇಕೆಂದಿಲ್ಲ.

ಆಟವೇ ಏಕೆ?

ಮಕ್ಕಳ ಆಟವನ್ನು ಅಭ್ಯಸಿಸಿದ ಮಿಲ್ಡ್ರೆಡ್ ಪಾರ್ಟನ್ ಎಂಬ ವಿದ್ವಾಂಸೆ 1932ರಲ್ಲಿ ಅದರ ಮೆಟ್ಟಿಲುಗಳನ್ನು ವಿವರಿಸಿದರು. ಮಗು ಮೊದಲು ತಾನೊಂದೇ ಆಡುತ್ತದೆ, ಇತರರ ಆಟವನ್ನು ನೋಡುತ್ತದೆ. ಅನಂತರ ಪಕ್ಕದಲ್ಲಿ ಕುಳಿತು ತನ್ನದೇ ಆಟವನ್ನು ಆಡುತ್ತದೆ. ಕ್ರಮೇಣ ಸಾಮಗ್ರಿಗಳನ್ನು ಕೊಟ್ಟು ತೆಗೆದುಕೊಳ್ಳುತ್ತದೆ. ಕೊನೆಗೆ ಒಂದು ಗುರಿಗಾಗಿ ಎಲ್ಲರೊಡನೆ ಕೂಡಿ ಆಡುತ್ತದೆ. ಎಲ್ಲ ಮಕ್ಕಳೂ ಈ ಮೆಟ್ಟಿಲುಗಳನ್ನು ಒಂದೇ ಕ್ರಮದಲ್ಲಿ, ಒಂದೇ ವೇಗದಲ್ಲಿ ಏರುವುದಿಲ್ಲ. ಆದರೂ ಮಗು ಈಗ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಲು ಈ ವಿವರಣೆ ಉಪಯುಕ್ತ. ಬೇಲಿಯ ಬಳಿ ನಿಂತ ಬಾಲಕನನ್ನು ಒಮ್ಮೆಗೇ ಖೊ-ಖೊ ಆಟದ ನಡುವೆ ನಿಲ್ಲಿಸುವುದೆಂದರೆ ಹಲವು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಹತ್ತಿಸಲು ಹೊರಟಂತೆ.

ದಿನನಿತ್ಯದ ಒಡನಾಟದ ನಿಯಮಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾತಿನ ನಡುವೆ ಯಾವಾಗ ಬಾಯಿ ಹಾಕಬೇಕು, ಎದುರಿಗಿರುವವರು ಬೇಸರಗೊಂಡರೇ ಎಂಬುದನ್ನು ಬಹುತೇಕ ಮಕ್ಕಳು ತಾವಾಗಿಯೇ ಗ್ರಹಿಸಿಕೊಳ್ಳುತ್ತಾರೆ. ಸ್ವಲೀನತೆಯುಳ್ಳ ಮಗುವಿಗೆ ಈ ಅದೃಶ್ಯ ನಿಯಮಗಳೇ ಕಷ್ಟ. ಆಟದಲ್ಲಾದರೋ ನಿಯಮಗಳು ಕಣ್ಣಿಗೆ ಕಾಣುತ್ತವೆ. ನೆಲದ ಮೇಲೆ ಗೆರೆ ಇದೆ. ಕವಡೆ ಯಾರ ಕೈಯಲ್ಲಿದೆಯೋ ಅವರದು ಸರದಿ. ಆಟಕ್ಕೆ ಆದಿ ಇದೆ, ಅಂತ್ಯವೂ ಇದೆ. ನಾಳೆ ಆಡಿದರೂ ಅದೇ ನಿಯಮ. ಈ ಸ್ಥಿರತೆಯು ಮಗುವಿಗೆ ಧೈರ್ಯ ಕೊಡುತ್ತದೆ. ಸರದಿ ಕಾಯುವುದು, ಕೊಡುವುದು, ಕೇಳುವುದು, ಸೋಲುವುದು ಇವೆಲ್ಲ ಉಪದೇಶವಿಲ್ಲದೆ ಅಭ್ಯಾಸವಾಗುತ್ತವೆ.

ಆಟಕ್ಕೆ ಮುನ್ನ ಸಿದ್ಧತೆ

ಆಟ ಫಲಿಸುವುದೂ ಕೆಡುವುದೂ ಬಹಳ ಮಟ್ಟಿಗೆ ಸಿದ್ಧತೆಯನ್ನು ಅವಲಂಬಿಸಿದೆ. ಪಾಲಕರೂ ಶಿಕ್ಷಕರೂ ಅಂಗನವಾಡಿ ಕಾರ್ಯಕರ್ತೆಯರೂ ಗಮನಿಸಬೇಕಾದ ಅಂಶಗಳು ಇವು:

1. ಗುಂಪು ಚಿಕ್ಕದಾಗಿರಲಿ. ಆರಂಭದಲ್ಲಿ ಒಬ್ಬ ಜೊತೆಗಾರ ಸಾಕು. ಅನಂತರ ಇಬ್ಬರು, ಮೂವರು.

2. ಜಾಗವೂ ಹೊತ್ತೂ ನಿಗದಿಯಾಗಿರಲಿ. ಧ್ವನಿವರ್ಧಕ, ವಾಹನಗಳ ಸದ್ದು ಇರುವ ಜಾಗ ಬೇಡ. ಮೊದಲ ದಿನಗಳಲ್ಲಿ ಐದರಿಂದ ಹತ್ತು ನಿಮಿಷಗಳ ಆಟವೇ ಸಾಕು. ಮಗು ಸಂತೋಷದಿಂದಿರುವಾಗಲೇ ನಿಲ್ಲಿಸುವುದು ಲೇಸು.

3. ಏನು ನಡೆಯಲಿದೆ ಎಂಬುದನ್ನು ಮೊದಲೇ ತೋರಿಸಬೇಕು. ಮೂರು ನಾಲ್ಕು ಸರಳ ಚಿತ್ರಗಳನ್ನು ರಟ್ಟಿನ ಮೇಲೆ ಬರೆದು, ಸಾಲಾಗಿ ಗೋಡೆಗೆ ಅಂಟಿಸಬಹುದು: ವೃತ್ತದಲ್ಲಿ ಕುಳಿತುಕೊಳ್ಳುವುದು, ಚೆಂಡು, ಚಪ್ಪಾಳೆ, ಮನೆ.

4. ದಣಿವಾದಾಗ ಹೋಗಿ ಕುಳಿತುಕೊಳ್ಳಲು ಒಂದು ಶಾಂತವಾದ ಮೂಲೆ ಇರಲಿ. ಅಲ್ಲಿಗೆ ಹೋಗುವುದು ಶಿಕ್ಷೆಯಲ್ಲ, ಮಗುವಿನ ಹಕ್ಕು. ಹೋಗಬೇಕೆಂದು ತಿಳಿಸಲು ಒಂದು ಸನ್ನೆ ಅಥವಾ ಚಿತ್ರವನ್ನು ಕಲಿಸಿರಬೇಕು.

5. ಮಗುವಿನ ಆಸಕ್ತಿಯೇ ಆಟದ ಬಾಗಿಲಾಗಲಿ. ಚಕ್ರವನ್ನು ತಿರುಗಿಸುವ ಮಗುವಿಗೆ ಬಂಡಿಯನ್ನು ಒಬ್ಬರಿಂದ ಒಬ್ಬರಿಗೆ ಉರುಳಿಸುವ ಆಟವೇ ಮೊದಲ ಪಾಠ.

ಐದು ಆಟಗಳು

ಈ ಆಟಗಳಿಗೆ ಬೆಲೆಬಾಳುವ ಸಾಮಗ್ರಿಗಳು ಬೇಕಿಲ್ಲ. ಇವುಗಳಲ್ಲಿ ಹೆಚ್ಚಿನವು ನಮ್ಮ ಹಳ್ಳಿಗಳ ಹಳೆಯ ಆಟಗಳೇ. ಸುಲಭದಿಂದ ಕಠಿಣಕ್ಕೆ ಎಂಬ ಕ್ರಮದಲ್ಲಿ ಇವನ್ನು ಜೋಡಿಸಿದೆ.

ಚೆಂಡು ಉರುಳಿಸುವುದು: ಮಕ್ಕಳು ಕಾಲು ಚಾಚಿ ಎದುರುಬದುರಾಗಿ ಅಥವಾ ವೃತ್ತದಲ್ಲಿ ಕುಳಿತುಕೊಳ್ಳುತ್ತಾರೆ. ಚೆಂಡು ಹಿಡಿದವರು ಒಬ್ಬರ ಹೆಸರನ್ನು ಕರೆದು ಅವರ ಕಡೆಗೆ ಉರುಳಿಸುತ್ತಾರೆ. ಮಾತು ಬಾರದ ಮಗು ಬೆರಳಿನಿಂದ ತೋರಿಸಿದರೂ ಸರಿಯೇ. ಹೆಸರಿಗೆ ಓಗೊಡುವುದು, ಕಾಯುವುದು, ಕೊಡುವುದು ಎಂಬ ಮೂರು ಪಾಠಗಳು ಇದರಲ್ಲಿ ಅಡಗಿವೆ. ‘ಈಗ ನಿನ್ನ ಸರದಿ’ ಎಂಬ ಒಂದೇ ವಾಕ್ಯವನ್ನು ಪ್ರತಿಸಲವೂ ಬದಲಿಸದೆ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಸರದಿಗೆ ‘ಪಾಳಿ’ ಎನ್ನುತ್ತಾರೆ. ಮರಾಠಿಯಲ್ಲಿಯೂ ಪಾಳಿ ಎಂದೇ ಹೇಳುವುದುಂಟು. ಓಝರಿನ ಮೈದಾನದಲ್ಲಿ ಈ ಒಂದು ಪದ ಎರಡು ಭಾಷೆಗಳ ಮಕ್ಕಳಿಗೂ ಸಾಕಾದೀತು.

ಕೆರೆ-ದಡ: ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಡೆ ಕೆರೆ, ಇನ್ನೊಂದು ಕಡೆ ದಡ ಎಂದು ಗೊತ್ತುಮಾಡಬೇಕು. ನಾಯಕ ಕೂಗಿದಂತೆ ಮಕ್ಕಳು ಹಾರಬೇಕು. ಎಲ್ಲರೂ ಒಟ್ಟಿಗೆ ಹಾರುವುದರಿಂದ ಒಬ್ಬರ ತಪ್ಪು ಎದ್ದು ಕಾಣುವುದಿಲ್ಲ. ತಡವಾದರೆ ಪಕ್ಕದವರನ್ನು ನೋಡಿ ಹಾರಬಹುದು. ಹೀಗೆ ಇತರರನ್ನು ಗಮನಿಸುವ ಅಭ್ಯಾಸವಾಗುತ್ತದೆ. ಮೊದಮೊದಲು ತಪ್ಪಿದವರನ್ನು ಆಟದಿಂದ ಹೊರಗೆ ಕಳುಹಿಸಬಾರದು. ಹೊರಗೆ ಕುಳಿತ ಮಗು ಏನನ್ನೂ ಕಲಿಯುವುದಿಲ್ಲ. ಕೂಗುವುದರ ಜೊತೆಗೆ ನೀಲಿ ಬಟ್ಟೆಯನ್ನೋ ಕಂದು ಬಟ್ಟೆಯನ್ನೋ ಎತ್ತಿ ತೋರಿಸಿದರೆ ಕೇಳಿ ಗ್ರಹಿಸಲು ತಡವಾಗುವ ಮಗುವಿಗೆ ಅನುಕೂಲ. ಆಟ ರೂಢಿಯಾದ ಮೇಲೆ ಆ ಮಗುವನ್ನೇ ನಾಯಕನನ್ನಾಗಿ ಮಾಡಬೇಕು. ತನ್ನ ಒಂದು ಮಾತಿಗೆ ಹತ್ತು ಮಕ್ಕಳು ಹಾರುವುದನ್ನು ಕಂಡಾಗ ಮಾತಿನ ಶಕ್ತಿ ಅದಕ್ಕೆ ಅನುಭವಕ್ಕೆ ಬರುತ್ತದೆ.

ವಿಷಾಮೃತ: ಇದು ಮಹಾರಾಷ್ಟ್ರದ ಮಕ್ಕಳ ಪ್ರೀತಿಯ ಆಟ. ಹಿಡಿಯುವವನು ಮುಟ್ಟಿ ‘ವಿಷ’ ಎಂದರೆ ಮುಟ್ಟಿಸಿಕೊಂಡವರು ಅಲ್ಲಿಯೇ ನಿಶ್ಚಲವಾಗಿ ನಿಲ್ಲಬೇಕು. ಆಟದಲ್ಲಿರುವ ಇನ್ನೊಬ್ಬರು ಬಂದು ಮುಟ್ಟಿ ‘ಅಮೃತ’ ಎಂದರೆ ಬಿಡುಗಡೆ. ಸಾಮಾಜಿಕ ಕಲಿಕೆಯ ದೃಷ್ಟಿಯಿಂದ ಇದು ಅಮೂಲ್ಯವಾದ ಆಟ. ಏಕೆಂದರೆ ಇಲ್ಲಿ ನೆರವು ಕೇಳದೆ ಬಿಡುಗಡೆಯಿಲ್ಲ, ನೆರವು ನೀಡದೆ ಗುಂಪು ಗೆಲ್ಲುವುದಿಲ್ಲ. ಕೈ ಎತ್ತಿ ಕರೆಯುವುದನ್ನು ಮಗುವಿಗೆ ಮೊದಲೇ ಕಲಿಸಬೇಕು. ಅನಿರೀಕ್ಷಿತ ಸ್ಪರ್ಶವನ್ನು ಸಹಿಸದ ಮಕ್ಕಳಿದ್ದರೆ ಕೈಯಿಂದ ಮುಟ್ಟುವ ಬದಲು ಸೊಂಟಕ್ಕೆ ಸಿಕ್ಕಿಸಿದ ಕರವಸ್ತ್ರವನ್ನು ಎಳೆಯುವ ನಿಯಮವನ್ನು ಎಲ್ಲರಿಗೂ ಅನ್ವಯಿಸಬಹುದು. ನಿಯಮ ಎಲ್ಲರಿಗೂ ಒಂದೇ ಆದಾಗ ಯಾವ ಮಗುವೂ ಬೇರೆಯಾಗಿ ಕಾಣುವುದಿಲ್ಲ. ಇದೇ ಕಾರಣದಿಂದ ಬೆನ್ನ ಹಿಂದೆ ವಸ್ತ್ರ ಬೀಳಿಸಿ ಓಡುವ ಆಟಗಳಲ್ಲಿ ವಸ್ತ್ರವನ್ನು ಮಗುವಿನ ಮುಂದೆಯೇ ಇಡುವಂತೆ ಮಾರ್ಪಾಡು ಮಾಡಿಕೊಳ್ಳಬೇಕು.

ಚೌಕಾಬಾರ: ಐದು ಸಾಲು, ಐದು ಕಂಬಗಳ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆ, ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ಅಜ್ಜಿಯರು ಮಳೆಗಾಲದ ಮಧ್ಯಾಹ್ನಗಳಲ್ಲಿ ಮೊಮ್ಮಕ್ಕಳೊಡನೆ ಆಡಿದ ಈ ಆಟ ಗದ್ದಲವನ್ನು ಸಹಿಸದ ಮಕ್ಕಳಿಗೆ ಹೇಳಿಮಾಡಿಸಿದಂತಿದೆ. ಎಣಿಕೆಯಲ್ಲಿ ಆಸಕ್ತಿಯುಳ್ಳ ಮಗು ಇಲ್ಲಿ ಇತರರಿಗಿಂತ ಮುಂದಿರಲೂಬಹುದು. ಇಲ್ಲಿನ ಕಠಿಣ ಪಾಠವೆಂದರೆ ತನ್ನ ಕಾಯಿಯನ್ನು ಇನ್ನೊಬ್ಬರು ಹೊಡೆದಾಗ ತಾಳಿಕೊಳ್ಳುವುದು. ಆದುದರಿಂದ ಮೊದಲ ವಾರ ಕಾಯಿ ಹೊಡೆಯುವ ನಿಯಮವಿಲ್ಲದೆ ಆಡಬೇಕು. ಅನಂತರ ದೊಡ್ಡವರು ತಮ್ಮ ಕಾಯಿ ಹೋದಾಗ ‘ಹೋಗಲಿ, ಮತ್ತೆ ಹೊರಡುತ್ತೇನೆ’ ಎಂದು ಹೇಳಿ ತೋರಿಸಬೇಕು. ಮಗು ಆ ಮಾತನ್ನೇ ಅನುಕರಿಸಿ, ಕ್ರಮೇಣ ಆ ತಾಳ್ಮೆಯನ್ನೂ ಬೆಳೆಸಿಕೊಳ್ಳಬಹುದು.

ಕೂಡಿ ಕಟ್ಟುವುದು: ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಲೆಗಾಫ್ ಅವರು ಲೆಗೊ ಇಟ್ಟಿಗೆಗಳನ್ನು ಬಳಸಿ ರೂಪಿಸಿದ ಒಂದು ವಿಧಾನವನ್ನು 2004ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ಮಗು ಚಿತ್ರವನ್ನು ನೋಡಿ ಏನು ಬೇಕೆಂದು ಹೇಳುತ್ತದೆ, ಇನ್ನೊಂದು ಬೇಕಾದ ತುಂಡನ್ನು ಆರಿಸಿ ಕೊಡುತ್ತದೆ, ಮೂರನೆಯದು ಜೋಡಿಸುತ್ತದೆ. ಸ್ವಲ್ಪ ಹೊತ್ತಿಗೆ ಪಾತ್ರಗಳು ಬದಲಾಗುತ್ತವೆ. ಮಾತನಾಡದೆ ಕೆಲಸ ಮುಂದೆ ಸಾಗದು. ಇದಕ್ಕೆ ಆ ಇಟ್ಟಿಗೆಗಳೇ ಬೇಕೆಂದಿಲ್ಲ, ಬೆಂಕಿಪೊಟ್ಟಣಗಳೂ ಮರದ ತುಂಡುಗಳೂ ಸಾಕು. ಮಹಾರಾಷ್ಟ್ರದಲ್ಲಿ ದೀಪಾವಳಿಯ ವೇಳೆಗೆ ಮಕ್ಕಳು ಮನೆಯಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುವ ಸಂಪ್ರದಾಯವಿದೆ. ಕಲ್ಲು ತರುವವರು, ಮಣ್ಣು ಕಲಸುವವರು, ಮೆತ್ತುವವರು, ಸೈನಿಕರ ಗೊಂಬೆಗಳನ್ನು ಸಾಲಾಗಿ ನಿಲ್ಲಿಸುವವರು ಎಂದು ಕೆಲಸ ತಾನಾಗಿಯೇ ಹಂಚಿಕೆಯಾಗುತ್ತದೆ. ಕೈಗೆ ಕೆಸರು ತಾಗುವುದನ್ನು ಸಹಿಸದ ಮಗು ಗೊಂಬೆಗಳನ್ನು ಸಾಲಿಡುವ ಕೆಲಸವನ್ನು ಆರಿಸಿಕೊಳ್ಳಬಹುದು. ಯಾವುದನ್ನು ಮನೆಯವರು ವಿಚಿತ್ರ ಅಭ್ಯಾಸವೆಂದು ಭಾವಿಸಿದ್ದರೋ ಅದೇ ಇಲ್ಲಿ ಗುಂಪಿಗೆ ಬೇಕಾದ ಕೌಶಲವಾಗುತ್ತದೆ.

ಉಳಿದ ಮಕ್ಕಳಿಗೂ ಪಾಠ ಬೇಕು

ಸಾಮಾಜಿಕ ಕೌಶಲವನ್ನು ಸ್ವಲೀನತೆಯುಳ್ಳ ಮಗುವೊಂದೇ ಕಲಿಯಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ. ಅಮೆರಿಕದಲ್ಲಿ ಕಾನಿ ಕಸಾರಿ ಮತ್ತು ಸಂಗಡಿಗರು ಸಾಮಾನ್ಯ ಶಾಲೆಗಳಲ್ಲಿ ಕಲಿಯುತ್ತಿದ್ದ 60 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನವು 2012ರಲ್ಲಿ ಪ್ರಕಟವಾಯಿತು. ಸ್ವಲೀನತೆಯುಳ್ಳ ಮಗುವಿಗೆ ಮಾತ್ರ ತರಬೇತಿ ನೀಡಿದುದಕ್ಕಿಂತ ಅದರ ಸಹಪಾಠಿಗಳಿಗೆ ತರಬೇತಿ ನೀಡಿದಾಗ ಆ ಮಗು ತರಗತಿಯ ಸ್ನೇಹವಲಯದಲ್ಲಿ ಹೆಚ್ಚು ಸ್ಥಾನ ಪಡೆಯಿತೆಂದು ಅದರಿಂದ ತಿಳಿದುಬಂದಿತು. ಇಬ್ಬರು ಪರಸ್ಪರ ಅರ್ಥಮಾಡಿಕೊಳ್ಳದಿರುವಾಗ ಕೊರತೆ ಒಬ್ಬರದೇ ಅಲ್ಲ, ಎರಡೂ ಕಡೆಯದು ಎಂಬ ವಾದವನ್ನು ಸ್ವತಃ ಸ್ವಲೀನತೆಯುಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ ಅವರೂ 2012ರಲ್ಲಿಯೇ ಮಂಡಿಸಿದರು.

ಆದುದರಿಂದ ಆಟಕ್ಕೆ ಸೇರುವ ಮಕ್ಕಳಿಗೆ ಕೆಲವು ಸರಳ ವಿಷಯಗಳನ್ನು ತಿಳಿಸಿಕೊಡಬೇಕು. ದೂರದಿಂದ ಕೂಗದೆ ಹತ್ತಿರ ಹೋಗಿ ಹೆಸರು ಹಿಡಿದು ಕರೆಯಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ಉತ್ತರ ಬಾರದಿದ್ದರೆ ಅದು ತಿರಸ್ಕಾರವೆಂದು ತಿಳಿಯಬಾರದು. ಕೈ ಅಲುಗಾಡಿಸುವುದನ್ನು ಕಂಡು ನಗಬಾರದು, ಅದು ಸಂತೋಷದ ಗುರುತೂ ಆಗಿರಬಹುದು. ಮಕ್ಕಳು ಇಂತಹ ಮಾತುಗಳನ್ನು ದೊಡ್ಡವರಿಗಿಂತ ಬೇಗ ಗ್ರಹಿಸುತ್ತಾರೆ. ಒಂದೇ ಮಗುವಿನ ಮೇಲೆ ಈ ಹೊಣೆ ಬೀಳದಂತೆ ಜೊತೆಗಾರರನ್ನು ಬದಲಿಸುತ್ತಿರಬೇಕು.

ಮನೆಯ ಮಾತನ್ನು ಬಿಡಬೇಕೆ?

ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಅಥವಾ ಇಂಗ್ಲಿಷ್ ಇರುವ ಕುಟುಂಬಗಳಿಗೆ ‘ಒಂದೇ ಭಾಷೆ ಸಾಕು, ಮನೆಯ ಮಾತನ್ನು ಬಿಡಿ’ ಎಂಬ ಸಲಹೆ ದೊರೆಯುವುದುಂಟು. ಎರಡು ಭಾಷೆಗಳನ್ನು ಕೇಳುತ್ತ ಬೆಳೆಯುವುದರಿಂದ ಸ್ವಲೀನತೆಯುಳ್ಳ ಮಕ್ಕಳ ಮಾತಿನ ಬೆಳವಣಿಗೆ ಇನ್ನಷ್ಟು ಹಿಂದುಳಿಯುತ್ತದೆ ಎಂಬುದನ್ನು ಇದುವರೆಗಿನ ಅಧ್ಯಯನಗಳು ಸಮರ್ಥಿಸುವುದಿಲ್ಲ. ತಾಯಿ ತನ್ನ ಸಹಜವಾದ ಭಾಷೆಯಲ್ಲಿ ಮಾತನಾಡಿದಾಗಲೇ ಮಗುವಿಗೆ ಸಮೃದ್ಧವಾದ ಮಾತು ಕೇಳಿಬರುತ್ತದೆ. ಮನೆಯ ಮಾತನ್ನು ಬಿಡಿಸಿದರೆ ಊರಿನಿಂದ ಬಂದ ಅಜ್ಜಿಯೊಡನೆ ಚೌಕಾಬಾರ ಆಡುವ ಅವಕಾಶವೂ ಕೈತಪ್ಪುತ್ತದೆ. ಆಟಕ್ಕೆ ಬೇಕಾದ ಏಳೆಂಟು ಮರಾಠಿ ಪದಗಳನ್ನು ಮನೆಯಲ್ಲಿಯೇ ಮೊದಲು ಅಭ್ಯಾಸ ಮಾಡಿಸಿ ಮೈದಾನಕ್ಕೆ ಕಳುಹಿಸಿದರೆ ಸಾಕು.

ಕೆಲವು ಎಚ್ಚರಿಕೆಗಳು

ಬಲವಂತದಿಂದ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಸುವುದು, ಅಳುತ್ತಿರುವ ಮಗುವನ್ನು ಎಳೆದು ತಂದು ಆಟದಲ್ಲಿ ಕೂರಿಸುವುದು ಸಲ್ಲದು. ಮಗು ಕಿವಿ ಮುಚ್ಚಿಕೊಂಡರೆ, ಚೀರಿದರೆ ಅದನ್ನು ಹಟವೆಂದು ಭಾವಿಸಿ ಗದರಿಸದೆ, ಸದ್ದನ್ನು ತಗ್ಗಿಸಿ, ಜನರನ್ನು ದೂರ ಸರಿಸಿ, ಶಾಂತವಾದ ಮೂಲೆಗೆ ಕರೆದೊಯ್ಯಬೇಕು. ಕೆಲವು ಮಕ್ಕಳು ಅಪಾಯದ ಅರಿವಿಲ್ಲದೆ ಏಕಾಏಕಿ ಓಡಿಹೋಗುತ್ತಾರೆ. ಬಾವಿ, ಕಾಲುವೆ, ಕೃಷಿಹೊಂಡ, ಹೆದ್ದಾರಿಗಳ ಸಮೀಪದಲ್ಲಿ ಆಟ ನಡೆಸಬಾರದು. ಕೆಲವರಿಗೆ ಅಪಸ್ಮಾರವೂ ಇರಬಹುದಾದುದರಿಂದ ಆಟ ನಡೆಸುವವರಿಗೆ ಪಾಲಕರು ಆ ವಿಷಯವನ್ನು ತಿಳಿಸಿರಬೇಕು.

ಆಟದಿಂದ ಸ್ವಲೀನತೆ ‘ಗುಣವಾಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬಾರದು. 6ರಿಂದ 21 ವರ್ಷದವರಿಗೆ ನಡೆಸಿದ ಸಾಮಾಜಿಕ ಕೌಶಲ ಗುಂಪುಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಐದು ಪ್ರಯೋಗಗಳ 196 ಜನರ ಫಲಿತಾಂಶಗಳನ್ನು ಪರಿಶೀಲಿಸಿತು. ಒಡನಾಟದ ಸಾಮರ್ಥ್ಯದಲ್ಲಿ ಸುಧಾರಣೆ ಕಂಡುಬಂದರೂ ಅದರ ಪ್ರಮಾಣ ಮಿತವಾದುದೇ. ಒಂದು ಕಡೆ ಕಲಿತುದನ್ನು ಬೇರೆ ಕಡೆ ಬಳಸುವುದು ಈ ಮಕ್ಕಳಿಗೆ ಕಷ್ಟವಾಗಬಹುದು. ತರಬೇತಿಯ ಕೊಠಡಿಯಲ್ಲಿ ಕಲಿತ ಸರದಿ ಮೈದಾನದಲ್ಲಿ ಮರೆತುಹೋಗಬಹುದು. ಆದುದರಿಂದಲೇ ಮಗು ನಿಜವಾಗಿ ಬಾಳುವ ಕಡೆಗಳಲ್ಲಿ, ಅಂದರೆ ಮನೆಯ ಜಗುಲಿಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯ ಅಂಗಳದಲ್ಲಿ, ಅದೇ ಆಟವನ್ನು ಮತ್ತೆ ಮತ್ತೆ ಆಡಿಸುವುದು ಅಗತ್ಯ.

ನೆರವು ಎಲ್ಲಿ ದೊರೆಯುತ್ತದೆ?

ಸಂಶಯ ಬಂದಾಗ ‘ದೊಡ್ಡವನಾದರೆ ಸರಿಹೋಗುತ್ತಾನೆ’ ಎಂದು ಕಾಯುವುದು ಉಚಿತವಲ್ಲ. 2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲಘರ್‌ನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅನ್ವಯ ಅಂಗನವಾಡಿಗಳಲ್ಲಿಯೂ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿಯೂ ಮಕ್ಕಳ ತಪಾಸಣೆ ನಡೆಯುತ್ತದೆ. ಬೆಳವಣಿಗೆಯಲ್ಲಿ ತೊಡಕು ಕಂಡವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರೀಕ್ಷೆಯೂ ಮಾರ್ಗದರ್ಶನವೂ ಲಭ್ಯ. ಪ್ರಮಾಣಪತ್ರ ನೀಡುವಾಗ 40 ಅಂಶಗಳುಳ್ಳ ಭಾರತೀಯ ಮಾಪನವನ್ನು ಬಳಸಲಾಗುತ್ತದೆ.

1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಸ್ವಲೀನತೆಯುಳ್ಳವರ ಹಿತರಕ್ಷಣೆಗೆ ಅವಕಾಶ ಕಲ್ಪಿಸಿತು. ಆ ನ್ಯಾಸದ ನಿರಾಮಯ ವಿಮಾ ಯೋಜನೆಯಲ್ಲಿ ಚಿಕಿತ್ಸೆ, ತರಬೇತಿಗಳ ವೆಚ್ಚಕ್ಕೆ ವರ್ಷಕ್ಕೆ 1 ಲಕ್ಷ ರೂಪಾಯಿಗಳವರೆಗೆ ರಕ್ಷಣೆ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ವಿಕಲತೆಗಳಲ್ಲಿ ಸ್ವಲೀನತೆಯೂ ಒಂದು. ಶೇಕಡಾ 40ಕ್ಕೆ ಕಡಮೆಯಿಲ್ಲದ ವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಇತರ ಮಕ್ಕಳೊಡನೆ ಆಟಪಾಟಗಳಲ್ಲಿ ಭಾಗವಹಿಸುವ ಅವಕಾಶವನ್ನೂ ಈ ಅಧಿನಿಯಮವು ಶಾಲೆಗಳ ಹೊಣೆಯನ್ನಾಗಿ ಮಾಡಿದೆ. ಪಾಲಕರು ಮಾನಸಿಕವಾಗಿ ಬಳಲಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೂ ಮಾತನಾಡಬಹುದು.

ಈಗ ಮತ್ತೆ ಓಝರಿನ ಆ ಮೈದಾನವನ್ನು ನೆನೆಯೋಣ. ಕೆಲವು ತಿಂಗಳುಗಳ ಅಭ್ಯಾಸದ ಬಳಿಕವೂ ಆ ಬಾಲಕ ಎಲ್ಲರಂತೆ ಹರಟದಿರಬಹುದು. ಚಕ್ರ ತಿರುಗಿಸುವುದನ್ನು ಬಿಡದೆಯೂ ಇರಬಹುದು. ಆದರೆ ವಿಷಾಮೃತದಲ್ಲಿ ನಿಶ್ಚಲವಾಗಿ ನಿಂತಾಗ ಅವನು ಕೈ ಎತ್ತಿದರೆ, ಅದನ್ನು ಕಂಡು ಇನ್ನೊಬ್ಬ ಹುಡುಗ ಓಡಿಬಂದು ಬಿಡಿಸಿದರೆ, ಅಂದು ಇಬ್ಬರೂ ಏನನ್ನೋ ಕಲಿತಂತಾಯಿತು. ಆ ದಿನಕ್ಕಾಗಿ ತಾಯಿ ಮಾಡಬೇಕಾದ ಮೊದಲ ಕೆಲಸವೆಂದರೆ ಅವನನ್ನು ಮತ್ತೆ ಮೈದಾನಕ್ಕೆ ಕರೆತರುವುದು. ನೆರೆಹೊರೆಯವರು ಮಾಡಬೇಕಾದ ಮೊದಲ ಕೆಲಸವೆಂದರೆ ಅವನಿಗಾಗಿ ವೃತ್ತದಲ್ಲಿ ಒಂದು ಜಾಗ ಬಿಡುವುದು.